ಗಾಸ್‌ಮನ್‌ನ ತೊದಲು

ಇಟಲಿಯ ನಟ ವಿಟ್ಟೋರಿಯೊ ಗಾಸ್‌ಮನ್ (1922–2000) ಅಂದ್ರೆ ತುಂಬಾ ಜನಕ್ಕೆ ‘ಇಲ್ ಸೊರ್‌ಪಾಸ್ಸೊ’ ಸಿನಿಮಾದಲ್ಲಿ ಲಾನ್ಚಿಯಾ ಕಾರು ಓಡಿಸೋ ಬಾಯಿಬಡುಕ ಬ್ರೂನೊ ನೆನಪಾಗ್ತಾನೆ. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲು, 1958ರ ‘ಇ ಸೊಲಿತಿ ಇನ್ಯೋತಿ’ ಸಿನಿಮಾದಲ್ಲಿ ನಿರ್ದೇಶಕ ಮೊನಿಚೆಲ್ಲಿ ಅವನನ್ನು ಹಾಸ್ಯಕ್ಕೆ ತಂದದ್ದು ಹೇಗೆ ಅನ್ನೋದೇ ನನಗೆ ಹೆಚ್ಚು ಸ್ವಾರಸ್ಯ.

ತೊಡಕು ಇದ್ದದ್ದು ಅವನ ಮುಖ ಮತ್ತು ಕಂಠದಲ್ಲಿ. ಅಗಲ ಹಣೆ, ನೀಳ ಮೂಗು, ರೋಮ್‌ನ ನಾಟಕ ಅಕಾಡೆಮಿಯಲ್ಲಿ ಪಳಗಿದ ದನಿ. 1952ರಲ್ಲೇ ಹ್ಯಾಮ್ಲೆಟ್ ಆಡಿದ್ದವನು. ಇಂಥವನು ಪೆಪ್ಪೆ ಅನ್ನೋ ಪೆದ್ದು ಬಾಕ್ಸರ್ ಆದರೆ ಯಾರು ನಂಬ್ತಾರೆ? ಅದಕ್ಕೇ ವಿಗ್ ಇಟ್ಟು ಹಣೆ ಕಿರಿದು ಮಾಡಿದರು, ಮೂಗಿನ ಆಕಾರ ಬದಲಿಸಿದರು, ಮಾತಿಗೆ ತೊದಲು ಸೇರಿಸಿದರು. ನಿಜವಾದ ಕೆಲಸ ಮಾಡಿದ್ದು ಈ ತೊದಲು. ರಂಗದ ಮಾತು ಉಸಿರಿನ ಮೇಲೆ ನಿಂತು ವಾಕ್ಯದ ಕೊನೆಗೆ ಏರುತ್ತೆ; ತೊದಲು ಆ ಏರುವಿಕೆಯನ್ನೇ ನಡುವೆ ಮುರಿಯುತ್ತೆ. ಭಾಷಣಕ್ಕೆ ಜಾಗವೇ ಉಳಿಯಲ್ಲ. ಬರೀ ಮೇಕಪ್ಪಾಗಿದ್ದರೆ ವೇಷ ಹಾಕಿದ ಹ್ಯಾಮ್ಲೆಟ್ ಕಾಣ್ತಿದ್ದ.

ರಂಗ ಮಾತ್ರ ಬಿಡಲಿಲ್ಲ. 1956ರಲ್ಲಿ ನಟ ಸಾಲ್ವೊ ರಾಂಡೋನೆ ಜೊತೆ ಶೇಕ್ಸ್‌ಪಿಯರ್ ನಾಟಕದ ಒಥೆಲೊ, ಇಯಾಗೊ ಪಾತ್ರಗಳನ್ನು ಅದಲುಬದಲಾಗಿ ಆಡಿದ. (ಇಬ್ಬರ ಮಾತೂ ಬಾಯಿಪಾಠ ಇರಬೇಕು, ಜೊತೆಗೆ ನಿನ್ನೆಯ ಲಯ ಇವತ್ತು ನುಸುಳಬಾರದು!) 1960ರಲ್ಲಿ ಸಂಚಾರಿ ಡೇರೆ ರಂಗಮಂದಿರವನ್ನೂ ಕಟ್ಟಿದ.

1975ರಲ್ಲಿ ಕಾನ್ ಉತ್ಸವದ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿದ್ದು ‘ಪ್ರೊಫೂಮೊ ದಿ ದೊನ್ನಾ’ದ ಕುರುಡು ಕ್ಯಾಪ್ಟನ್ ಪಾತ್ರಕ್ಕೆ. ಅದೇ ಕಥೆಯ ಹಾಲಿವುಡ್ ರೂಪ ‘ಸೆಂಟ್ ಆಫ್ ಎ ವುಮನ್’ದಲ್ಲಿ ಅಲ್ ಪಚೀನೊ ಆಸ್ಕರ್ ಗೆದ್ದ. ಎರಡನ್ನೂ ನೋಡೋದಾದರೆ ಗಾಸ್‌ಮನ್‌ದು ಮೊದಲು ನೋಡಿ, ಅದೂ ಇಟಾಲಿಯನ್ ದನಿಯಲ್ಲೇ.