ಬೋರ್ ನೀರು, ದುಂಡು ಮಲ್ಲಿಗೆ, ಆರು ಡಬ್ಬಿ ಟೀ

ಕಳೆದ ದೀಪಾವಳಿಗೆ ಅಕ್ಕನ ಮಗಳು ಬೆಂಗಳೂರಿನಿಂದ ಬರುವಾಗ, ಆಫೀಸಿನಲ್ಲಿ ಕೊಟ್ಟರು ಅಂತ ಒಂದು ರಟ್ಟಿನ ಪೆಟ್ಟಿಗೆ ತಂದಳು. ಒಳಗೆ ಕುಂಕುಮದ ಭರಣಿಗಿಂತ ಸ್ವಲ್ಪ ದೊಡ್ಡದಾದ ಆರು ತಗಡಿನ ಡಬ್ಬಿ, ಆರರಲ್ಲೂ ಟೀ ಸೊಪ್ಪು. “ಚಿಕ್ಕಮ್ಮ, ನಾನು ಕಾಫಿ ಕುಡಿಯೋಳು, ಇದು ನಿಂಗೇ ಇರಲಿ” ಅಂತ ಕೊಟ್ಟು, ನೋಮಿನ ಕಜ್ಜಾಯ ಅಷ್ಟನ್ನೂ ಕಟ್ಟಿಕೊಂಡು ಹೊರಟಳು. ಲಾಭ ಅವಳಿಗೇ ಆಯ್ತು ಅಂತ ಆವತ್ತು ನನ್ನ ಲೆಕ್ಕ. ಲೆಕ್ಕ ಬರೆಯುವುದೇ ನನ್ನ ಕೆಲಸ: ಚಿಕ್ಕಬಳ್ಳಾಪುರದ ಒಂದು ಬೀಜ, ಗೊಬ್ಬರ, ಔಷಧಿ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಬಿಲ್ ಬರೆಯುತ್ತಿದ್ದೇನೆ. ಇಲ್ಲಿ ಔಷಧಿ ಅಂದರೆ ಮನುಷ್ಯರದ್ದಲ್ಲ, ಹುಳಕ್ಕೆ ಹೊಡೆಯುವುದು.

ಅಲ್ಲಿಯವರೆಗೆ ನನಗೆ ಗೊತ್ತಿದ್ದ ಟೀ ಒಂದೇ. ಹನ್ನೊಂದು ಗಂಟೆಗೆ ಮೂಲೆ ಅಂಗಡಿಯ ಹುಡುಗ ಫ್ಲಾಸ್ಕಿನಲ್ಲಿ ತರುವುದು, ಶುಂಠಿ ಜಜ್ಜಿ ಹಾಕಿ, ಹಾಲು ಸಕ್ಕರೆ ಜೊತೆ ಕುದಿಸಿ ಕುದಿಸಿ ಇಟ್ಟಿಗೆ ಬಣ್ಣಕ್ಕೆ ತಂದದ್ದು. ಅದಕ್ಕೆ ಹಾಕುವ ಪುಡಿ ಸಿಟಿಸಿ. ಹಲ್ಲಿರುವ ರೋಲರುಗಳ ನಡುವೆ ಎಲೆಯನ್ನು ಹಿಸುಕಿ, ಹರಿದು, ಸುತ್ತಿ ಕಾಳು ಮಾಡುವ ಈ ಯಂತ್ರ ಹುಟ್ಟಿದ್ದು 1930ರ ಹೊತ್ತಿಗೆ ಅಸ್ಸಾಮಿನಲ್ಲಿ. ಕಾಳು ಸಣ್ಣದಾದಷ್ಟೂ ಬಣ್ಣ ಬೇಗ ಬಿಡುತ್ತದೆ, ಹಾಲಿಗೆ ಸೋಲುವುದಿಲ್ಲ. ಆ ಟೀಯನ್ನು ನಾನು ಈಗಲೂ ಬಿಟ್ಟಿಲ್ಲ. ಡಬ್ಬಿ ಟೀ ಕುಡಿಯಲು ಶುರು ಮಾಡಿದವರು ಹಾಲಿನ ಟೀ ಕಂಡರೆ ಮೂಗು ಮುರಿಯುತ್ತಾರಲ್ಲ, ಆ ರೋಗ ನನಗೆ ಅಂಟಲಿಲ್ಲ.

ಮೊದಲು ತೆಗೆದದ್ದು ಡಾರ್ಜಿಲಿಂಗ್. ಡಬ್ಬಿಯ ಹಿಂದೆ ಬರೆದಿದ್ದಂತೆ ಒಂದು ಚಮಚ ಸೊಪ್ಪು, ಒಂದು ಲೋಟ ಕುದಿನೀರು, ಮೂರು ನಿಮಿಷ. ಚಿತ್ರದಲ್ಲಿ ಜೇನಿನ ಬಣ್ಣ ಇತ್ತು. ನನ್ನ ಲೋಟದಲ್ಲಿ ಬಂದದ್ದು ಮಳೆ ನಿಂತ ಮಾರನೇ ದಿನದ ಗುಂಡಿ ನೀರು. ಮೇಲೆ ತೆಳ್ಳಗೆ ಎಣ್ಣೆ ಚೆಲ್ಲಿದಂಥ ಪದರ. ಲೋಟ ಅಲ್ಲಾಡಿಸಿದರೆ ಆ ಪದರ ಬೇಸಿಗೆ ಕೆರೆಯ ಅಂಗಳದ ಹಾಗೆ ಬಿರುಕು ಬಿಡುತ್ತಿತ್ತು. ನಮ್ಮಮ್ಮನ ಮಾತು ಅರ್ಧ ತೆಲುಗು. ಬಗ್ಗಿ ನೋಡಿ “ಏಮಿ ಇದಿ, ಕಷಾಯಮಾ?” ಅಂದರು. ಒಂದು ಗುಟುಕು ಕುಡಿದೆ. ಕಷಾಯಕ್ಕಾದರೂ ಒಂದು ರುಚಿ ಇರುತ್ತದೆ.

ಟೀ ಹಳೆಯದೇನೋ ಅಂದುಕೊಂಡು ಡಬ್ಬಿ ಮುಚ್ಚಿಟ್ಟೆ. ಒಂದು ತಿಂಗಳಾದ ಮೇಲೆ, ಅಮ್ಮ ಸಾರಿಗೆ ಬೇಳೆ ಇಡುವಾಗ ಕ್ಯಾನಿನ ನೀರು ಬಗ್ಗಿಸುವುದನ್ನು ನೋಡಿ ತಲೆಗೆ ಹೊಳೆಯಿತು. ನಮ್ಮ ಬೀದಿಯ ಬೋರು 1,200 ಅಡಿ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ವರ್ಷಕ್ಕೊಂದು ಹೋಗುತ್ತದೆ, ಬಕೆಟ್ಟಿಗೆ ಬಿಳೀ ಪಟ್ಟಿ ಕಟ್ಟುತ್ತದೆ. ಬೇಳೆ ಬೇಯದ ನೀರಿನಲ್ಲಿ ಟೀ ಮಾತ್ರ ಹೇಗೆ ಆದೀತು? ಇಷ್ಟು ವರ್ಷ ಯಾರಿಗೂ ಗೊತ್ತಾಗದಿದ್ದುದಕ್ಕೆ ಕಾರಣ ಹಾಲು. ಹಾಲು ಸಕ್ಕರೆ ಬಿದ್ದ ಮೇಲೆ ನೀರಿನ ದೋಷ ಮುಚ್ಚಿಹೋಗುತ್ತದೆ.

ಪಾಲಿಹೌಸಿನಲ್ಲಿ ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವವರು ಡ್ರಿಪ್ಪಿಗೆ ಗೊಬ್ಬರ ಬಿಡುವ ಮುಂಚೆ ನೀರು ತಂದು ತೋರಿಸುತ್ತಾರೆ. ಅದಕ್ಕೆ ನಮ್ಮ ಓನರ್ ಒಂದು ಟಿಡಿಎಸ್ ಮೀಟರ್ ಇಟ್ಟಿದ್ದಾರೆ, ಲೀಟರ್ ನೀರಿನಲ್ಲಿ ಉಪ್ಪು, ಸುಣ್ಣದಂಥವು ಎಷ್ಟು ಮಿಲಿಗ್ರಾಂ ಕರಗಿವೆ ಅಂತ ತೋರಿಸುವುದು. “ಅಣ್ಣ, ಇವತ್ತೊಂದು ದಿನ ಮನೆಗೆ ತಗೊಂಡು ಹೋಗ್ತೀನಿ” ಅಂದರೆ, “ಏನಮ್ಮ, ಟೆರೇಸಲ್ಲಿ ಗುಲಾಬಿ ಹಾಕಿದ್ಯಾ?” ಅಂದರು. ಟೀಗೆ ಅಂತ ಹೇಳಲು ನಾಚಿಕೆಯಾಗಿ ಹೂಂ ಅಂದೆ. ಬೋರ್ ನೀರು 820 ತೋರಿಸಿತು. ಐದು ರೂಪಾಯಿ ಕಾಯಿನ್ ಹಾಕಿ ಹಿಡಿದು ತರುವ ಫಿಲ್ಟರ್ ನೀರು 40. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್ ಇಟ್ಟಿರುವ ಅಳತೆ ಲೀಟರಿಗೆ 500 ಮಿಲಿಗ್ರಾಂ. ಬೇರೆ ಗತಿಯೇ ಇಲ್ಲದಿದ್ದರೆ 2,000ದವರೆಗೆ. ಮನುಷ್ಯರಿಗೆ ಗತಿಯಿಲ್ಲದಾಗ ಒಪ್ಪಿತವಾಗುವ ನೀರು ಡಾರ್ಜಿಲಿಂಗಿಗೆ ಒಪ್ಪಿತವಾಗಲಿಲ್ಲ, ಅಷ್ಟೇ.

ಆ ಎಣ್ಣೆಯಂಥ ಪದರದ ಬಗ್ಗೆ ಹುಡುಕಿದಾಗ ಖುಷಿಯಾಯಿತು. 1993ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಇಬ್ಬರು ರಸಾಯನ ವಿಜ್ಞಾನಿಗಳು ಇದನ್ನೇ ಹಿಡಿದು ಕೂತಿದ್ದಾರೆ. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಇದ್ದರೆ, ಟೀಯ ಒಗರಿನ ಅಂಶ ಗಾಳಿ ತಾಗಿ ಮೇಲೆ ಕೆನೆಗಟ್ಟುತ್ತದೆ. ಹುಳಿ ಬಿದ್ದರೆ ಕಟ್ಟುವುದಿಲ್ಲ. ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿದೆ, ಪದರವೂ ಹೋಯಿತು, ಕೆಸರು ಬಣ್ಣ ತಿಳಿಯಾಗಿ ಚಿತ್ರದ ಹತ್ತಿರಕ್ಕೆ ಬಂತು. ಆದರೆ ಆಗ ಅದು ಲೆಮನ್ ಟೀ, ಡಾರ್ಜಿಲಿಂಗ್ ಅಲ್ಲ. ಇಂಗ್ಲೆಂಡಿನಲ್ಲಿ ಗಡಸು ನೀರಿನ ಊರುಗಳಿಗೆಂದೇ ಬೇರೆ ಮಿಶ್ರಣದ ಟೀಪುಡಿ ಮಾರುತ್ತಾರಂತೆ. ನಮ್ಮ ಕಡೆಗೆ ಅಂಥದ್ದೊಂದು ಮಾಡಿದರೆ ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಯಲ್ಲಿ ಗಿರಾಕಿಗೆ ಬರವಿಲ್ಲ.

ಹಾಗಂತ ಬರೀ ಫಿಲ್ಟರ್ ನೀರಲ್ಲಿ ಮಾಡಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಬಣ್ಣ ಗಾಜಿನಂತೆ ಬಂತು, ವಾಸನೆಯೂ ಬಂತು, ಬಾಯಿಗೆ ಮಾತ್ರ ಉಪ್ಪು ಮರೆತ ಸಾರು. ಒಂದು ವಾರ ರಾತ್ರಿ ಊಟ ಆದ ಮೇಲೆ ಲೋಟ, ಮೀಟರು, ಚಮಚ ಹರಡಿಕೊಂಡು ಕೂತೆ. ಕೊನೆಗೆ ನಿಂತ ಲೆಕ್ಕ: ಆರು ಲೋಟ ಫಿಲ್ಟರ್ ನೀರಿಗೆ ಒಂದು ಲೋಟ ಬೋರ್ ನೀರು. ಮೀಟರಿನಲ್ಲಿ 150ರ ಆಸುಪಾಸು. ಬೋರ್ ನೀರನ್ನು ಮೊದಲೇ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದಲ್ಲಿ ಕೂತ ಸುಣ್ಣವನ್ನು ಕದಡದೆ ಮೇಲಿನದನ್ನು ಬಗ್ಗಿಸಿಕೊಂಡರೆ ಇನ್ನೂ ವಾಸಿ. ಒಂದಕ್ಕಿಂತ ಹೆಚ್ಚು ಲೋಟ ಬೋರ್ ನೀರು ಮಾತ್ರ ಬೇಡ. ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಹೊಸ ಸಂಗತಿಯಲ್ಲ, ಅದು ಕುದಿಸಿದರೆ ಹೋಗುವುದೂ ಇಲ್ಲ. ಟೀ ಗಿಡವೂ ಮಣ್ಣಿನಿಂದ ಫ್ಲೋರೈಡ್ ಎಳೆದು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ, ಎಲೆ ಬಲಿತಷ್ಟೂ ಜಾಸ್ತಿ.

ಟೀ ರುಚಿ ನೋಡುವುದಕ್ಕೂ ಅಂತಾರಾಷ್ಟ್ರೀಯ ನಿಯಮ ಇದೆ, ಐಎಸ್ಒ 3103 ಅಂತ. ನೂರು ಮಿಲಿ ನೀರಿಗೆ ಎರಡು ಗ್ರಾಂ ಸೊಪ್ಪು, ಕುದಿನೀರು, ಆರು ನಿಮಿಷ. ಇದಕ್ಕೆ ಮೂಲವಾದ ಬ್ರಿಟಿಷರ ಆರು ಪುಟದ ನಿಯಮಾವಳಿಗೆ 1999ರಲ್ಲಿ ನಗೆನೊಬೆಲ್ ಎನ್ನಬಹುದಾದ ಇಗ್ ನೊಬೆಲ್ ಸಿಕ್ಕಿತು, ಅದೂ ಸಾಹಿತ್ಯ ವಿಭಾಗದಲ್ಲಿ! ನನಗೆ ಅದರಲ್ಲಿ ಹಿಡಿಸಿದ್ದು ಒಂದು ಸಾಲು: ಟೀ ಯಾವ ಊರಲ್ಲಿ ಕುಡಿಯುತ್ತಾರೋ ಆ ಊರಿನ ಕುಡಿಯುವ ನೀರಿನಂಥದ್ದರಲ್ಲೇ ರುಚಿ ನೋಡಬೇಕಂತೆ. ನಮ್ಮೂರಿಗೆ ಟೀ ಕಳಿಸುವವರು ಯಾರೂ ಈ ಸಾಲು ಓದಿದಂತಿಲ್ಲ.

ಸದ್ದು ಮಾಡಿ ಹೀರುವುದನ್ನೂ ಕಲಿತೆ. ರುಚಿ ನೋಡುವವರು ಚಮಚದಿಂದ ಸೊರ್ರನೆ ಎಳೆಯುತ್ತಾರೆ, ಟೀ ಗಾಳಿಯ ಜೊತೆ ಸೇರಿ ವಾಸನೆ ಗಂಟಲಿನ ಹಿಂದಿನಿಂದ ಮೂಗಿಗೆ ಏರಲಿ ಅಂತ. ಸಾರನ್ನ ಸೊರ್ ಅನ್ನಿಸಿದರೆ ಬೆನ್ನಿಗೆ ಗುದ್ದುತ್ತಿದ್ದ ಅಮ್ಮನ ಮುಂದೆ ಇದನ್ನು ಮಾಡಲು ಧೈರ್ಯ ಬೇಕು.

ಗ್ರೀನ್ ಟೀ ವಿಷಯದಲ್ಲಿ ಮಾತ್ರ ಅಮ್ಮನೇ ಗುರು. ಅದಕ್ಕೆ ಕುದಿನೀರು ಆಗದು, 75ರಿಂದ 80 ಡಿಗ್ರಿ ಸಾಕು, ಹೆಚ್ಚಾದರೆ ಹಾಗಲಕಾಯಿ. ನನ್ನ ಹತ್ತಿರ ಥರ್ಮಾಮೀಟರ್ ಇಲ್ಲ. ಚೀನಾದವರು ಹಿಂದೆ ಗುಳ್ಳೆ ನೋಡಿ ಸೀಗಡಿ ಕಣ್ಣು, ಮೀನಿನ ಕಣ್ಣು ಅಂತ ಕಾವು ಗುರುತಿಸುತ್ತಿದ್ದರಂತೆ ಅಂದೆ. ಅಮ್ಮ, “ಗುಳ್ಳೆ ಯಾಕೆ ನೋಡ್ಬೇಕು, ಕಿವಿ ಇಲ್ವಾ?” ಅಂದರು. ಮುದ್ದೆಗೆ ಎಸರಿಟ್ಟು ಐವತ್ತು ವರ್ಷ ಆಗಿದೆ ಅವರಿಗೆ. ಎಸರು ಮರಳುವ ಮುಂಚೆ ಪಾತ್ರೆ ಸುಂಯ್ ಅಂತ ಹಾಡುತ್ತದೆ, ಹಾಡು ಜೋರಾಗಿ ಇದ್ದಕ್ಕಿದ್ದಂತೆ ತಗ್ಗಿದರೆ ಕುದಿ ಬಂತು ಅಂತ. ಹಾಡು ಏರುತ್ತಿರುವಾಗಲೇ ಇಳಿಸಿಕೊಂಡರೆ ನೀಲಗಿರಿಯ ಗ್ರೀನ್ ಟೀಗೆ ಸರಿ. ಎರಡು ನಿಮಿಷ, ಸೋಸು. ಹುರಳಿಕಾಯಿ ಬೇಯಿಸಿದ ನೀರಿನ ಎಳೆ ವಾಸನೆ, ಕೊನೆಯಲ್ಲಿ ಸಣ್ಣ ಸಿಹಿ.

ಸರಿಯಾದ ನೀರಿನಲ್ಲಿ ಡಾರ್ಜಿಲಿಂಗ್ ಮತ್ತೆ ತೆಗೆದೆ. ಡಬ್ಬಿಯ ಮೇಲೆ ಎರಡನೇ ಕೊಯ್ಲು, ಅಂದರೆ ಮೇ ಜೂನಿನದ್ದು, ಮಸ್ಕಟೆಲ್ ಪರಿಮಳ ಅಂತಿತ್ತು. ಮಸ್ಕಟೆಲ್ ಅಂದರೆ ಮಸ್ಕಟ್ ದ್ರಾಕ್ಷಿಯ ವಾಸನೆ. ದ್ರಾಕ್ಷಿ ಸೀಮೆಯವಳು ನಾನು, ನಮ್ಮ ಬೆಂಗಳೂರು ಬ್ಲೂ ನೆನೆಸಿಕೊಂಡು ಮೂಸಿದೆ. ಅದಲ್ಲ. ನಮ್ಮ ಕರಿದ್ರಾಕ್ಷಿಯದು ಮಂಡಿಗೆ ಮಂಡಿಯೇ ಘಮ್ಮೆನ್ನುವ ಗಡಸು ವಾಸನೆ. ಇದು ಒಣದ್ರಾಕ್ಷಿ, ಜೇನು, ಹಳೇ ಮರದ ಬೀರು ಮೂರೂ ಸೇರಿದಂತೆ. ಈ ಪರಿಮಳ ಎಲ್ಲಿಂದ ಬರುತ್ತದೆ ಅಂತ ಓದಿ ಕುರ್ಚಿಯಲ್ಲೇ ನಕ್ಕುಬಿಟ್ಟೆ. ಹಸಿರು ಜಿಗಿಹುಳು ಚಿಗುರನ್ನು ಕಚ್ಚಿ ರಸ ಹೀರುತ್ತದೆ, ಗಿಡ ಅದಕ್ಕೆ ತಿರುಗಿಬಿದ್ದು ಎಲೆಯಲ್ಲಿ ಸುವಾಸನೆಯ ಅಂಶ ಹೆಚ್ಚಿಸಿಕೊಳ್ಳುತ್ತದೆ. ಜಿಗಿಹುಳು! ಬದನೆಗೆ, ಬೆಂಡೆಗೆ ಬಿತ್ತು ಅಂತ ವಾರಕ್ಕೆ ಇಪ್ಪತ್ತು ಜನ ಬರುತ್ತಾರೆ ನಮ್ಮ ಕೌಂಟರಿಗೆ. ಅದರ ಬಳಗದ್ದೇ ಕಚ್ಚಿದ ಎಲೆಗೆ ಅಲ್ಲಿ ಹೆಚ್ಚಿನ ಬೆಲೆ.

ಉಳಿದವುಗಳಲ್ಲಿ ಮಾವಿನ ಹಣ್ಣಿನ ಟೀ ದಂಡ. ಮೇಲಿನಿಂದ ಫ್ಲೇವರ್ ಸಿಂಪಡಿಸಿ, ನೋಡಲು ಚೆಂಡು ಹೂವಿನ ಎಸಳು ಉದುರಿಸಿದ್ದಾರೆ. ವಾಸನೆ ಮಾವಿನದ್ದಲ್ಲ, ಐವತ್ತು ಪೈಸೆ ಪೆಪ್ಪರ್‌ಮೆಂಟಿನದ್ದು. ಕಾಶ್ಮೀರಿ ಕಹ್ವಾ ಪರವಾಗಿಲ್ಲ, ಏಲಕ್ಕಿ ಚಕ್ಕೆ ಇರುವುದರಿಂದ ಅಮ್ಮನಿಗೆ ಪಾಯಸದ ನೆನಪು. ಅರ್ಲ್ ಗ್ರೇ ಮಾತ್ರ ಮನೆಗೆ ಸೇರಿಕೊಂಡಿತು. ಇಟಲಿಯ ಕಡೆ ಬೆಳೆಯುವ ಬರ್ಗಮೊಟ್ ಅನ್ನುವ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ ಅದರಲ್ಲಿರುವುದು. ಹೇರಳೆಕಾಯಿ ಸಿಪ್ಪೆಗೆ ಉಗುರು ಒತ್ತಿದಾಗ ಮೂಗಿಗೆ ಹಾರುತ್ತಲ್ಲ, ಅದರ ತಂಗಿ.

ಆರನೆಯದು ಮಲ್ಲಿಗೆ ಟೀ. ಡಬ್ಬಿಯಲ್ಲಿ ಹೂವೇ ಇರಲಿಲ್ಲ, ವಾಸನೆ ಮಾತ್ರ ತುಂಬಿತ್ತು. ಮಾಡುವ ರೀತಿ ಓದಿದೆ. ಚೀನಾದ ಫುಝೌ ಕಡೆ ಹಗಲು ದುಂಡು ಮಲ್ಲಿಗೆಯ ಮೊಗ್ಗು ಕಿತ್ತು, ಸಂಜೆ ಅರಳುವ ಹೊತ್ತಿಗೆ ಟೀ ಸೊಪ್ಪಿನ ಜೊತೆ ಬೆರೆಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಹೂವು ಜರಡಿ ಹಿಡಿದು ತೆಗೆದು, ಸೊಪ್ಪು ಒಣಗಿಸಿ, ಮತ್ತೆ ರಾತ್ರಿ ಹೊಸ ಹೂವು. ಹೀಗೆ ಎಷ್ಟು ಸಲ ಅನ್ನುವುದರ ಮೇಲೆ ಬೆಲೆ. ಹೂವಿನ ಊರಲ್ಲಿ ಕೂತು ಚೀನಾದ ಮಲ್ಲಿಗೆ ಕುಡಿಯುವುದೇನು ಅನ್ನಿಸಿತು.

ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಹೋಗಿ ಮಲ್ಲಿಗೆ ರಾಶಿಯ ಮುಂದೆ ನಿಂತೆ. ಅರ್ಧ ಕೇಜಿ ಕೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಮಲ್ಲಿಗೆಯ ಮೊಗ್ಗು ಕೊರೆಯುವ ಹುಳಕ್ಕೆ ಯಾರು, ಯಾವ ಔಷಧಿ, ಎಷ್ಟು ದಿನಕ್ಕೊಮ್ಮೆ ಒಯ್ಯುತ್ತಾರೆ ಅನ್ನುವುದು ನನ್ನ ಬಿಲ್ ಪುಸ್ತಕದಲ್ಲೇ ಇದೆ. ಮುಡಿಯುವ ಹೂವಿಗೆ ಹೊಡೆಯುತ್ತಾರೆ, ಕುಡಿಯುವ ಹೂವು ಅಂತ ಅವರಿಗೇನು ಗೊತ್ತು? ಬರಿಗೈಲಿ ಬಂದೆ.

ಮನೆ ಕಾಂಪೌಂಡಿನಲ್ಲಿ ಕಾಕಡ ಇತ್ತು, ಔಷಧಿ ಕಾಣದ ಗಿಡ. ಅದನ್ನೇ ಹಾಕಿದೆ. ಕಾಕಡಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ ಅನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು, ನನಗೆ ಆವತ್ತು ಹೊಳೆಯಲಿಲ್ಲ. ಬೆಳಿಗ್ಗೆ ಗ್ರೀನ್ ಟೀ ಗ್ರೀನ್ ಟೀಯಾಗಿಯೇ ಇತ್ತು. ಆಮೇಲೆ ಎದುರು ಮನೆ ಅಜ್ಜಿಯ ಕುಂಡದ ದುಂಡು ಮಲ್ಲಿಗೆ ಕೇಳಿ ತಂದೆ. ಅಜ್ಜಿ ಪದ್ಧತಿಯಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ನಾನು ಹಾಗೇ ಬೆರೆಸಿದೆ. ಎರಡು ದಿನಕ್ಕೆ ಡಬ್ಬಿ ತೆಗೆದರೆ ಮಳೆಗಾಲದ ಗೋಣಿಚೀಲದ ಮುಗ್ಗಲು.

ಮೂರನೇ ಸಲ ಮಧ್ಯಾಹ್ನ ನಾಲ್ಕಕ್ಕೆ ನಾನೇ ಹೋಗಿ ಎರಡು ಹಿಡಿ ಬಲಿತ ಮೊಗ್ಗು ಬಿಡಿಸಿ, ಮೊರದಲ್ಲಿ ಫ್ಯಾನಿನ ಕೆಳಗೆ ಹರಡಿದೆ. ಎಂಟೂವರೆ ಹೊತ್ತಿಗೆ ಬಿರಿಯತೊಡಗಿದವು. ಇಪ್ಪತ್ತೈದು ಗ್ರಾಂ ನೀಲಗಿರಿ ಗ್ರೀನ್ ಟೀ ಜೊತೆ ಪದರ ಪದರವಾಗಿ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳದ ಬದಲು ಬಟ್ಟೆ ಕಟ್ಟಿದೆ. ಮಧ್ಯರಾತ್ರಿ ಒಮ್ಮೆ ಎದ್ದು ಕೈಯಾಡಿಸಿದೆ. ಒಳಗೆ ಕಾವು ಏರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಬೆಳಿಗ್ಗೆ ಹೂವು ಆರಿಸಿ ತೆಗೆದು, ರೊಟ್ಟಿ ಸುಟ್ಟ ಹೆಂಚು ಆರುತ್ತಾ ಬಂದಾಗ ಅದರ ಮೇಲೆ ಸೊಪ್ಪು ಹರಡಿ ಒಣಗಿಸಿದೆ. ಹೀಗೆ ಮೂರು ರಾತ್ರಿ. ಅಮ್ಮ ದಿನಾ ಬೆಳಿಗ್ಗೆ ಬಾಡಿದ ಹೂವು ನೋಡಿ “ದೇವರಿಗೂ ಇಲ್ಲ, ತಲೆಗೂ ಇಲ್ಲ” ಅಂತ ಗೊಣಗಿದರು.

ನಾಲ್ಕನೇ ಬೆಳಿಗ್ಗೆ ಆರಕ್ಕೊಂದು ಲೆಕ್ಕದ ನೀರು, ಹಾಡು ಏರುವಾಗ ಇಳಿಸಿದ್ದು, ಎರಡು ನಿಮಿಷ. ಡಬ್ಬಿಯ ಮಲ್ಲಿಗೆ ಟೀಯಷ್ಟು ಗಾಢವಾಗಿರಲಿಲ್ಲ. ಮೊದಲ ಗುಟುಕಿನಲ್ಲಿ ಗ್ರೀನ್ ಟೀಯೇ ಇತ್ತು, ನುಂಗಿದ ಮೇಲೆ ಮಲ್ಲಿಗೆ ಬಂತು, ಯಾರೋ ಮುಡಿದವರು ಪಕ್ಕದಲ್ಲಿ ಹಾದುಹೋದಷ್ಟು. ಅಮ್ಮನಿಗೂ ಅರ್ಧ ಲೋಟ ಕೊಟ್ಟೆ. ಮೂಸಿದರು, ಕುಡಿದರು, ಇನ್ನೊಂದು ಸಲ ಮೂಸಿದರು.

“ಮದುವೆ ಮನೆಗೆ ಹೋಗಿ ಬಂದಂಗೈತೆ,” ಅಂದರು. “ಸ್ವಲ್ಪ ಸಕ್ಕರೆ ಹಾಕು.”

ಹಾಕಿ ಕೊಟ್ಟೆ. ಮಧ್ಯಾಹ್ನ ಅಜ್ಜಿಗೂ ಒಂದು ಲೋಟ ಒಯ್ದೆ, ಹೂವು ಅವರದ್ದಲ್ಲವೇ. ಅವರು ಹಾಲಿಲ್ಲದ ಟೀ ಮುಟ್ಟಲಿಲ್ಲ. ಕುಂಡಕ್ಕೆ ನೀರು ಹಾಕೋದು ಇನ್ಮೇಲೆ ನಿನ್ನ ಕೆಲಸ ಅಂದರು. ಹಾಕುತ್ತಿದ್ದೇನೆ, ಫಿಲ್ಟರ್ ಅಲ್ಲ, ಬೋರ್ ನೀರೇ.