ಶೇಂಗಾ ಸಿಪ್ಪೆಗೂ ಬೆಲೆ ಬಂತು

ಮೊನ್ನೆ ಜಮಖಂಡಿಗೆ ಹೋದಾಗ ಅಣ್ಣನ ಮಗಳು ಎರಡು ಚೀಲ ಶೇಂಗಾ ಸಿಪ್ಪೆ ಕಟ್ಟಿಟ್ಟುಕೊಂಡಿದ್ದಳು. ಒಲೆಗೆ ಹಾಕೋದನ್ನ ಕಾಲೇಜಿಗೆ ಒಯ್ತಾಳಂತೆ! ಅದನ್ನು ಸುಟ್ಟು ಇದ್ದಿಲು ಮಾಡಿ, ನೀರಿನಲ್ಲಿರುವ ಸೀಸ (ಲೆಡ್) ಅನ್ನೋ ವಿಷದ ಲೋಹ ತೆಗೆಯೋದು ಅವಳ ಪ್ರಾಜೆಕ್ಟು.

"ಅದಕ್ಕ್ಯಾಕ ಇಷ್ಟ್ ಒದ್ದಾಟ? ಒಲಿ ಬೂದಿ ಹಾಕಿದ್ರ ಆಗೂದಿಲ್ಲೇನ?" ಅಂದಳು ಅವ್ವ.

ಆಗಲ್ಲವಂತೆ. ಗಾಳಿ ಆಡಿದರೆ ಎಲ್ಲ ಉರಿದು ಬೂದಿ ಉಳಿಯುತ್ತೆ. ಸಿಪ್ಪೆಗೆ ಫಾಸ್ಫೋರಿಕ್ ಆಮ್ಲ ಹಚ್ಚಿ, ಗಾಳಿ ಸೋಕದಂತೆ ಕಾಯಿಸಿದರೆ ಮೈತುಂಬ ಕಣ್ಣಿಗೆ ಕಾಣದ ತೂತು ಬೀಳುತ್ತವೆ, ನೀರಿನ ಸೀಸ ಅವುಗಳ ಒಳಮೈಗೆ ಅಂಟಿಕೊಳ್ಳುತ್ತೆ. ಒಳ್ಳೆ ಇದ್ದಿಲಾದರೆ ಒಂದೇ ಗ್ರಾಂನ ಒಳಮೈ 500 ಚದರ ಮೀಟರ್ ಮೀರುತ್ತೆ. ಅಂದರೆ ಹತ್ತಿರ ಹತ್ತಿರ ಐದು ಗುಂಟೆ! ಚಿಟಿಕೆ ಪುಡಿಯೊಳಗೆ ಐದು ಗುಂಟೆ ಹೊಲ. ನಮ್ಮಲ್ಲಿ ಬದುವಿಗಾಗಿ ಜಗಳಾಡೋರಿಗೆ ಹೇಳಬೇಕು, ಅಲ್ವಾ?

ನೀರು ತೀರಾ ಹುಳಿ ಇದ್ದರೆ ಮಾತ್ರ ಸೀಸ ಸರಿಯಾಗಿ ಅಂಟಲ್ಲ. ಲೀಟರ್ ಕುಡಿಯುವ ನೀರಿನಲ್ಲಿ 0.01 ಮಿಲಿಗ್ರಾಂ ಸೀಸ ದಾಟಬಾರದು ಅಂತ ನಿಯಮ. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗಲ್ಲ. ನಾನೋ ಇಷ್ಟು ವರ್ಷ ಕುದಿಸಿದರೆ ಎಲ್ಲಾ ಸರಿ ಅಂದುಕೊಂಡು ಸುಮ್ನಿದ್ದೆ.

"ಸೀಸ ಕುಡದ ಇದ್ದಿಲ ಎಲ್ಲಿ ಚೆಲ್ಲತಿ? ತಿಪ್ಪಿಗೇನ?" ಅವ್ವನ ಮುಂದಿನ ಪ್ರಶ್ನೆ. ಹುಡುಗಿ ಒಂದು ಗಳಿಗೆ ಸುಮ್ಮನಾದಳು. ಆಮ್ಲದಲ್ಲಿ ತೊಳೆದು ಸೀಸ ಬಿಡಿಸಿ, ಕೆಲವು ಸಲ ಮತ್ತೆ ಬಳಸಬಹುದಂತೆ. ತಿಪ್ಪೆಗಂತೂ ಹಾಕೋ ಹಾಗಿಲ್ಲ.

"ಆತು, ಚೀಲ ಮಾತ್ರ ತಿರುಗಿ ತಗೊಂಬಾ" ಅಂದಳು ಅವ್ವ.