ಗೋಳಗುಮ್ಮಟವನ್ನು ನೋಡದ ರೋಚಕ ಕಾದಂಬರಿ

ನಮ್ಮ ವಿಜಯಪುರದಲ್ಲೇ ನಡೆಯುವ ಪತ್ತೇದಾರಿ ಕಾದಂಬರಿಯೊಂದು ಬಂದಿದೆ ಎಂದು ಕೇಳಿದ ಮೇಲೆ ಅದನ್ನು ಕೊಳ್ಳದೆ ಇರಲಾಗಲಿಲ್ಲ. ಅಂಗಡಿಯವರು ಕೂಡ "ಒಮ್ಮೆ ಕೈಯಾಗ ಹಿಡದ್ರ ಮುಗಿಸೂತನಕ ಬಿಡಂಗಿಲ್ರೀ" ಎಂದು ಭರವಸೆ ಕೊಟ್ಟಿದ್ದರು. ಬೆಳಗಿನ ಜಾವ ರೈಲಿನಿಂದ ಇಳಿಯುವ ಅಪರಿಚಿತ, ಅವನ ಚೀಲದಲ್ಲಿರುವ ಆದಿಲ್‌ಶಾಹಿ ಕಾಲದ ಕಾಗದ, ಬೆನ್ನು ಹತ್ತಿದ ಇಬ್ಬರು: ಆರಂಭದ ಅಧ್ಯಾಯಗಳ ಮಟ್ಟಿಗೆ ಅವರ ಮಾತು ನಿಜವೇ ಆಗಿತ್ತು. ಕಥೆ ಗೋಳಗುಮ್ಮಟದೊಳಗೆ ಕಾಲಿಟ್ಟದ್ದೇ ತಡ, ಎಲ್ಲವೂ ಸಡಿಲವಾಯಿತು.

ಕಾದಂಬರಿಯ ಮುಖ್ಯ ಘಟನೆ ನಡೆಯುವುದು ಪಿಸುಗುಟ್ಟುವ ಗ್ಯಾಲರಿಯಲ್ಲಿ. ರಜಾದಿನದ ಮಧ್ಯಾಹ್ನ, ಪ್ರವಾಸಿಗರ ಗದ್ದಲದ ನಡುವೆ, ಒಬ್ಬಾತ ಗೋಡೆಗೆ ಬಾಯಿಟ್ಟು ಗುಟ್ಟನ್ನು ಉಸುರುತ್ತಾನೆ. ಎದುರು ಬದಿಯಲ್ಲಿರುವ ನಾಯಕನಿಗೆ ಮಾತ್ರ ಅದು ಕೇಳಿಸುತ್ತದೆ. ಪಿಸುಮಾತು ದುಂಡನೆಯ ಗೋಡೆಗುಂಟ ಸಾಗಿ ಸುಮಾರು 38 ಮೀಟರ್ ಆಚೆ ನಿಂತವರ ಕಿವಿಗೆ ಮುಟ್ಟುವುದು ನಿಜ. ಆದರೆ ಗೋಡೆಗುಂಟ ಸಾಗುವ ಮಾತು ಅದೇ ಗೋಡೆಗೆ ಕಿವಿಗೊಟ್ಟ ಮತ್ತೊಬ್ಬರಿಗೂ ಕೇಳಿಸೀತು, ಒಬ್ಬನ ವಿಳಾಸ ಬರೆದು ಕಳಿಸಲು ಅದೇನು ಅಂಚೆಯಲ್ಲ. ಮೇಲಾಗಿ ಒಂದು ಚಪ್ಪಾಳೆ ಏಳೆಂಟು ಬಾರಿಯಾದರೂ ಮರುದನಿಸುವ ಜಾಗವದು. ಶಾಲೆಯ ಮಕ್ಕಳ ತಂಡವೊಂದು ಬಂದು ಕೂಗತೊಡಗಿದರೆ ಪಕ್ಕದವರ ಮಾತೂ ತಿಳಿಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಜನವಿಲ್ಲದ ಹೊತ್ತಿನಲ್ಲಿ ಹೋದರಷ್ಟೇ ಪಿಸುಮಾತು ಸ್ಪಷ್ಟವಾಗುತ್ತದೆ. ಆ ಹೊತ್ತನ್ನು ಆರಿಸಿಕೊಂಡು, ಕಣ್ಣಿಗೆ ಬೀಳದ ಮೂರನೆಯವನೊಬ್ಬ ಗೋಡೆಗೆ ಕಿವಿಯಿಟ್ಟಿದ್ದಾನೆ ಎಂದು ಬರೆದಿದ್ದರೆ ನಾನು ನಿಜವಾಗಿಯೂ ಹೆದರುತ್ತಿದ್ದೆ.

ಹೆಚ್ಚು ಬೇಸರ ತಂದದ್ದು ಗೋರಿಯ ಪ್ರಸಂಗ. ಗುಮ್ಮಟದಡಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಗೋರಿಯನ್ನು ನಾಯಕ ರಾತ್ರೋರಾತ್ರಿ ಒಡೆದು ಅಲ್ಲಿಂದ ನಕ್ಷೆಯೊಂದನ್ನು ಹೊರತೆಗೆಯುತ್ತಾನೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ನಿಜವಾದ ಗೋರಿ ಇರುವುದು ಕೆಳಗಿನ ನೆಲಮಾಳಿಗೆಯಲ್ಲಿ. ಮೇಲೆ ಕಾಣುವವು ಬರೀ ಪ್ರತಿರೂಪಗಳು. ರೋಚಕ ಕಥೆಗೆ ಬೇಕಾದ ತಿರುವನ್ನು ಕಟ್ಟಿದವರೇ ಒದಗಿಸಿಟ್ಟಿದ್ದಾರೆ, ಲೇಖಕರಿಗೆ ಅದರ ಸುದ್ದಿಯೇ ಇದ್ದಂತಿಲ್ಲ. ಅಲ್ಲಿನ ಯಾವ ಗೈಡನ್ನು ಕೇಳಿದ್ದರೂ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ಏಳು ಅಂತಸ್ತಿನ ಮಿನಾರಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಓಡಿ ಹತ್ತಿದ ನಾಯಕ, ಏದುಸಿರು ಕೂಡ ಬಿಡದೆ ಪುಟಗಟ್ಟಲೆ ಮಾತನಾಡುವುದನ್ನು ಬೇಕಾದರೆ ಕ್ಷಮಿಸೋಣ.

ಕಥೆಯಲ್ಲವೇ, ಇಷ್ಟು ನಡೆಯುತ್ತದೆ ಎಂದು ಗೆಳೆಯರೊಬ್ಬರು ವಾದಿಸಿದರು. ಬೇರೆ ಬಗೆಯ ಕಾದಂಬರಿಯಲ್ಲಿ ನಡೆದೀತು. ಇಲ್ಲಿ ಓದುಗನು ಪ್ರತಿ ಬಾಗಿಲನ್ನೂ ಬೀಗವನ್ನೂ ಸುಳಿವೆಂದು ನೆನಪಿಟ್ಟುಕೊಂಡು ಲೇಖಕರ ಜೊತೆಗೆ ಪತ್ತೆ ಮಾಡುತ್ತ ಹೋಗುತ್ತಾನೆ, ಜಾಗದ ಲೆಕ್ಕವೇ ತಪ್ಪಿದರೆ ಅವನು ಊಹಿಸುವುದಾದರೂ ಏನನ್ನು? ಸುಳಿವುಗಳ ಗತಿಯೂ ಅಷ್ಟೇ. ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯದ ಕಾವಲುಗಾರ ಒಂದು ಕೀಲಿಯನ್ನು ಗೊಂಚಲಿನಿಂದ ಬಿಡಿಸಿ, ಅತ್ತಿತ್ತ ನೋಡಿ, ಜೇಬಿಗಿಳಿಸುವುದನ್ನು ಎರಡು ಪುಟ ಬಣ್ಣಿಸಲಾಗಿದೆ. ಅದು ಯಾವ ಬಾಗಿಲಿನದು ಎಂದು ಕೊನೆಗೂ ತಿಳಿಯುವುದಿಲ್ಲ, ಕಾವಲುಗಾರನೂ ಮತ್ತೆ ಬರುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಕೊಲೆಗಾರನಾಗಿ ಪ್ರತ್ಯಕ್ಷನಾಗುವವನು ವಿದೇಶದಿಂದ ಬಂದ ಸೋದರಮಾವ. ಅಂಥವನೊಬ್ಬನಿದ್ದಾನೆ ಎಂಬ ಮಾತು ಅಲ್ಲಿಯವರೆಗೆ ಒಂದು ಸಲವೂ ಬಂದಿಲ್ಲ.

ಎರಡನೆಯ ಭಾಗ ಇಬ್ರಾಹಿಂ ರೋಜಾದಲ್ಲಿ ನಡೆಯಲಿದೆ ಎಂಬ ಪ್ರಕಟಣೆ ಹಿಂಬದಿಯ ರಕ್ಷಾಪುಟದಲ್ಲಿದೆ. ಅದನ್ನು ಕೊಳ್ಳುವ ವಿಚಾರ ನನಗಿಲ್ಲ.